ಎಳದ ಧೂಳು ಎಲ್ಲಿ ಹೋಗತದ?

ಹೋದ ಆದಿತ್ಯವಾರ ನಮ್ಮ ಓಣಿ ಕಡೀ ಮನಿ ವೈನಿ ಫೋನ್ ಮಾಡಿದ್ರು. "ದೀಪಾವಳಿಗೆ ಕೈಯಾಗ ಹಿಡಕೊಳ್ಳೋ ಸಣ್ಣ ವ್ಯಾಕ್ಯೂಮ್ ಕ್ಲೀನರ್ ತಗೋಬೇಕಂತ ಮಾಡೀನಿ. ಜೋಡೀಲೆ ಚಾದರ, ಕೌದಿ ತುಂಬಿ ಗಾಳಿ ತಗದು ಇಡೋ ಚೀಲಾನೂ ಬರತಾವಂತಲ್ಲ, ಅವನ್ನೂ ತಗೊಳ್ಳಲ್ಯಾ? ನೀ ಎರಡೂ ತಗೊಂಡು ಕೈ ಸುಟಗೊಂಡಾಕಿ, ಹೇಳು" ಅಂದ್ರು. ಹೌದು, ಸುಟಗೊಂಡೀನಿ. ಅದಕ್ಕ ಒಂದು ಮಾತಿನ್ಯಾಗ ಉತ್ತರ ಕೊಡಲಿಕ್ಕೆ ಆಗಲಿಲ್ಲ. "ಬರದು ಹಾಕತೀನಿ, ಎಲ್ಲಾರೂ ಓದಲಿ" ಅಂದೆ. ಬರಿಲಿಕ್ಕೆ ಕೂತರ ಅದು ನೂರಾ ಇಪ್ಪತ್ತು ವರ್ಷದ ಕಥಿ ಆತು.

ಅಂಗಡಿಗೆ ಹೋದ್ರ ಅಲ್ಲಿ ಹುಡುಗರು ಮೊದಲು ಹೇಳೋದು "ಇದು ಎಷ್ಟು ಜೋರ ಎಳೀತದ ನೋಡ್ರಿ" ಅಂತ. ನಾ ಕೇಳೋದು ಬ್ಯಾರೆ. ಎಳದ ಧೂಳು ಆಮ್ಯಾಲೆ ಎಲ್ಲಿ ಹೋಗತದ? ಇದನ್ನ ಕೇಳಲಿಕ್ಕೆ ನನಗ ಕಲಿಸಿದಾಕಿ ನಮ್ಮವ್ವ.

ಅವ್ವಗ ದಮ್ಮು ಇತ್ತು. ಹಂಗಂತ ಕಸಬರಿಗಿ ಯಾರೂ ಅಕೀ ಕೈಯಿಂದ ಇಸಗೊಳ್ಳಲಿಲ್ಲ, ಅಕಿನೂ ಕೊಡಲಿಲ್ಲ. ಮುಂಜಾನೆ ನೆಲಕ್ಕ ಒಂದೀಟು ನೀರು ಚಿಮಕಿಸಿ, ಮೂಗಿಗೆ ಸೆರಗು ಕಟಗೊಂಡು ಕಸಾ ಹೊಡೀತಿದ್ಲು. ಹಸೀ ನೆಲದ ಧೂಳು ಮ್ಯಾಲೆ ಏಳಂಗಿಲ್ಲ, ಅದು ನಮ್ಮ ಹೆಣ್ಣಮಕ್ಕಳು ಯಾವ ಪುಸ್ತಕಾನೂ ಓದದ ಕಂಡಕೊಂಡಿದ್ದ ಉಪಾಯ. ಆದ್ರ ಗಾದಿಗೆ ನೀರು ಚಿಮಕಿಸಲಿಕ್ಕೆ ಬರತದೇನು? ಗಾದಿ ಅಂಗಳಕ್ಕ ಹಾಕಿ ಬಡಿಗಿಲೆ ಬಡೀಬೇಕು, ಅಟ್ಟಾ ಝಾಡಿಸಬೇಕು. ಹಬ್ಬದ ಮುಂದ ಹಿಂಗ ಮನಿ ಹಸನ ಮಾಡಿದ ರಾತ್ರಿ ಅವ್ವ ಗ್ವಾಡಿಗೆ ತಕ್ಯಾ ಇಟಗೊಂಡು ಕೂತೇ ಬೆಳಗ ಮಾಡತಿದ್ಲು. ಬಡದ ಧೂಳು ಅರ್ಧಾ ಅಂಗಳಕ್ಕ ಹೋಗತಿತ್ತು, ಅರ್ಧಾ ಅಕೀ ಎದಿಯೊಳಗ ಹೋಗತಿತ್ತು.

ಈಗ ಲಂಡನ್ನಿಗೆ ಹೋಗೂಣು. 1901ರೊಳಗ ಅಲ್ಲೆ ಎಂಪೈರ್ ಅನ್ನೋ ನಾಟಕ ಮಂದಿರದಾಗ ಒಬ್ಬಾಂವ ಧೂಳು ತಗಿಯೋ ಹೊಸಾ ಯಂತ್ರಾ ಮಂದಿಗೆ ತೋರಸಲಿಕ್ಹತ್ತಿದ್ದ. ನೋಡಲಿಕ್ಕೆ ಬಂದವರೊಳಗ ಹ್ಯೂಬರ್ಟ್ ಸೆಸಿಲ್ ಬೂತ್ ಅನ್ನೋ ಇಂಜಿನಿಯರ್ ಇದ್ದ. ಸೇತುವೆ ಕಟ್ಟೋದು, ಜಾತ್ರಿಯೊಳಗ ಇರತಾವಲ್ಲ ಅಂಥಾ ದೊಡ್ಡ ತಿರುಗೋ ತೊಟ್ಟಿಲ ಕಟ್ಟೋದು ಅವನ ಉದ್ಯೋಗ. ವಿಯೆನ್ನಾ ಊರಿನ ಹೆಸರಾದ ತೊಟ್ಟಿಲದ ಕೆಲಸದಾಗೂ ಅವ ಇದ್ದ. ಅಲ್ಲಿ ತೋರಿಸಿದ ಯಂತ್ರ ಧೂಳು ಎಳೀತಿರಲಿಲ್ಲ, ಊದತಿತ್ತು. ಊದಿ ಎಬ್ಬಿಸಿದ ಧೂಳು ತಾನ ಬಂದು ಒಂದು ಪೆಟ್ಟಿಗ್ಯಾಗ ಬೀಳಲಿ ಅಂತ ಅವರ ಆಶಾ. ಅದು ಬೀಳತದೇನು? ಅರ್ಧಾ ಧೂಳು ಹಾರಿ ಹಳೇ ಜಾಗಾಕ್ಕ ಬಂದು ಕೂಡತಿತ್ತು. "ಊದೋ ಬದಲಿ ಎಳೀಬಾರದ್ಯಾಕ?" ಅಂತ ಬೂತ್ ಕೇಳಿದ. ಅದೆಲ್ಲಾ ಆಗೋ ಕೆಲಸ ಅಲ್ಲ ಅಂತ ಆ ಮನಶ್ಯಾ ಸಿಟ್ಟಿಗೆದ್ದು ಹೋದನಂತ.

ಬೂತ್ ಬಿಡಲಿಲ್ಲ. ಕೆಲವು ದಿನದ ಮ್ಯಾಲೆ ವಿಕ್ಟೋರಿಯಾ ರಸ್ತೆದ ಒಂದು ಹೋಟೆಲಿನ್ಯಾಗ ಕೂತಾಗ, ಮಖಮಲ್ಲಿನ ಕುರ್ಚಿ ಮ್ಯಾಲೆ ತನ್ನ ಕರ್ಚೀಫು ಹಾಸಿ, ಅದಕ್ಕ ಬಾಯಿ ಹಚ್ಚಿ ಜೋರಂಗ ಉಸಿರು ಎಳದ. ಕೆಮ್ಮಿ ಕೆಮ್ಮಿ ಸಾಯೋ ಹಂಗಾತು. ಆದ್ರ ಕರ್ಚೀಫು ತಿರುವಿ ನೋಡಿದ್ರ ಕೆಳಗಿನ ಮಗ್ಗಲಕ್ಕ ಕರೀ ಧೂಳು ಹತ್ತಿತ್ತು. ಅರಿವಿ ಧೂಳು ತಡೀತದ, ಗಾಳಿ ಬಿಡತದ. ಇಷ್ಟ ನೋಡ್ರಿ ವ್ಯಾಕ್ಯೂಮ್ ಕ್ಲೀನರ್ ಅಂದ್ರ. ಎಳಿಯೂದು ಅರ್ಧಾ ಕೆಲಸ, ತಡಿಯೂದು ಇನ್ನರ್ಧ. ಅದೇ ವರ್ಷ ಆಗಸ್ಟಿನ್ಯಾಗ ಪೇಟೆಂಟಿಗೆ ಅರ್ಜಿ ಹಾಕಿದ.

ಅವನ ಯಂತ್ರ ಮನಿಯೊಳಗ ಹಿಡೀತಿರಲಿಲ್ಲ. ಕುದರಿ ಬಂಡಿ ಮ್ಯಾಲೆ ಎಂಜಿನ್ನು, ಪಂಪು ಇಟಗೊಂಡು ಬಂದು ಬೀದಿಯೊಳಗ ನಿಲ್ಲತಿತ್ತು. ಉದ್ದನ್ನ ಪೈಪು ಕಿಡಕಿಯೊಳಗಿಂದ ಹಾಸಿ ಆಳುಗಳು ಗಾಲೀಚೆ ಸ್ವಚ್ಛ ಮಾಡತಿದ್ರು. ಆ ಸಪ್ಪಳಕ್ಕ ಬೀದಿಯೊಳಗಿನ ಕುದರಿ ಬೆದರಿ ಮಂದಿ ಕೋರ್ಟಿಗೂ ಹೋದ್ರು. ಆದ್ರ ಶ್ರೀಮಂತರ ಮನಿ ಹೆಂಗಸರಿಗೆ ಅದೊಂದು ಮೋಜು. ಗೆಳತ್ಯಾರನ್ನ ಚಹಾಕ್ಕ ಕರದು, ಕಾಜಿನ ನಳಗಿಯೊಳಗ ತಮ್ಮ ಮನಿ ಧೂಳು ಓಡೋದನ್ನ ತೋರಸತಿದ್ರಂತ! ನಮ್ಮಲ್ಲೆ ಆಗಿದ್ರ ಧೂಳು ಕಾಣಬಾರದಂತ ಮೊದಲ ಒಂದು ಸರತಿ ಕಸಾ ಹೊಡದು ಆಮ್ಯಾಲೆ ಅವನ್ನ ಕರೀತಿದ್ವಿ. 1902ರೊಳಗ ಏಳನೇ ಎಡ್ವರ್ಡ್ ರಾಜನ ಪಟ್ಟಾಭಿಷೇಕಕ್ಕ ವೆಸ್ಟ್‌ಮಿನ್‌ಸ್ಟರ್ ಅಬ್ಬಿಯೊಳಗ ಹಾಸಿದ ಗಾಲೀಚೆನೂ ಇದೇ ಯಂತ್ರಾ ಸ್ವಚ್ಛ ಮಾಡಿತು. ಮೊದಲನೇ ಮಹಾಯುದ್ಧದಾಗ ಕ್ರಿಸ್ಟಲ್ ಪ್ಯಾಲೇಸಿನ್ಯಾಗ ನೌಕಾಪಡೆ ಹುಡುಗರು ಇಳಕೊಂಡಿದ್ರು, ಅವರಿಗೆ ಜ್ವರದ ಬ್ಯಾನಿ ಹಬ್ಬಿದಾಗ ಅಲ್ಲಿಂದ ಇವ ತಗದ ಧೂಳು 26 ಟನ್ ಅಂತ ಲೆಕ್ಕಾ ಅದ. ಆದ್ರ ಕಸಬರಿಗಿ ಹಿಡಕೊಂಡ ಹೆಂಗಸಿಗೆ ಇದರಿಂದ ಏನೂ ಆಗಲಿಲ್ಲ. ಬಂಡಿ ಕರಸೋ ತಾಕತ್ತು ಇದ್ದವರ ಮನಿಯೊಳಗ ಅಕಿ ಮೊದಲೇ ಕೆಲಸದಾಕಿ.

ನನಗ ಬೂತನಗಿಂತ ಹತ್ತಿರ ಅನಸೋದು ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅಮೆರಿಕಾದ ಓಹಾಯೋ ರಾಜ್ಯದ ಕ್ಯಾಂಟನ್ ಅನ್ನೋ ಊರಾಗ ಒಂದು ದೊಡ್ಡ ಅಂಗಡಿಯೊಳಗ ರಾತ್ರಿ ಕಸಾ ಹೊಡಿಯೋ ನೌಕರಿ ಅವಂದು. ವಯಸ್ಸು ಅರವತ್ತರ ಹತ್ತಿರ ಬಂದಿತ್ತು. ಏನರೆ ಹೊಸಾದು ಮಾಡೋ ಹುಚ್ಚು ಮೊದಲಿಂದ ಇತ್ತು, ಕೈಯಾಗ ರೊಕ್ಕಾ ಇರಲಿಲ್ಲ. ಮ್ಯಾಲೆ ದಮ್ಮು.

ಆವಾಗ ಅಲ್ಲೆ ಗಾಲಿ ಮ್ಯಾಲೆ ಉರುಳೋ ಬ್ರಶ್ಶಿನ ಪೆಟ್ಟಿಗಿ ಬಂದಿದ್ವು. 1876ರೊಳಗ ಮೆಲ್ವಿಲ್ ಬಿಸೆಲ್ ಅನ್ನಾಂವ ಅದರ ಪೇಟೆಂಟ್ ತಗೊಂಡಿದ್ದ. ಅವ ತೀರಕೊಂಡ ಮ್ಯಾಲೆ ಅವನ ಹೇಂತಿ ಆನಾ ಬಿಸೆಲ್ ಇಡೀ ಕಾರಖಾನಿ ನಡಸಿದ್ಲು, ಅದು ಇನ್ನೊಂದು ದಿನದ ಕಥಿ. ಸ್ಪ್ಯಾಂಗ್ಲರ್ ಅಂಥಾ ಪೆಟ್ಟಿಗಿ ಉರುಳಿಸಿದಂಗೆಲ್ಲ ಧೂಳೆದ್ದು ಅವಗ ಉಸಿರಾಡಲಿಕ್ಕೆ ಆಗತಿರಲಿಲ್ಲ. ನೌಕರಿ ಬಿಡೋ ಹಂಗಿಲ್ಲ, ಧೂಳು ತಡಕೊಳ್ಳೋ ಹಂಗಿಲ್ಲ. 1907ರೊಳಗ ಒಂದು ಫ್ಯಾನಿನ ಮೋಟರು ತಗೊಂಡು, ಒಂದು ಪೆಟ್ಟಿಗಿಗೆ ಕೂಡಿಸಿ, ಕಸಬರಿಗಿ ಹಿಡಿಕಿ ಹಚ್ಚಿದ. ಮುಂದ ತಿರುಗೋ ಬ್ರಶ್ಶು, ಹಿಂದ ಧೂಳು ಹಿಡೀಲಿಕ್ಕೆ ತಲಿದಿಂಬಿನ ಗವಸಣಿಗಿ ಕಟ್ಟಿದ. ಹೌದು, ದಿಂಬಿನ ಗವಸಣಿಗಿನೇ! ಬೂತನ ಕರ್ಚೀಫು, ಇವನ ಗವಸಣಿಗಿ. ಎರಡೂ ಕಡೆ ಧೂಳು ತಡದದ್ದು ಮನಿಯೊಳಗಿನ ಅರಿವಿ ತುಂಡು.

1908 ಜೂನ್ ತಿಂಗಳಾಗ ಅವಗ ಪೇಟೆಂಟ್ ಸಿಕ್ತು. ಅಷ್ಟರಾಗ ಪರಿಚಯದ ಸೂಸನ್ ಹೂವರ್ ಅನ್ನಾಕಿ ಅದನ್ನ ಮನಿಯೊಳಗ ಉಪಯೋಗಿಸಿ ನೋಡಿ ಮೆಚ್ಚಿ ಗಂಡಗ ಹೇಳಿದ್ಲು. ಗಂಡ ವಿಲಿಯಂ ಹೂವರಂದು ಚರ್ಮದ ಧಂದೆ, ಕುದರಿ ಸಾಮಾನು ಮಾಡತಿದ್ದ. ಮೋಟರ್ ಗಾಡಿ ಬಂದು ಕುದರಿ ಕಾಲ ಮುಗೀಲಿಕ್ಹತ್ತಿತ್ತು, ಹೊಸಾ ಧಂದೆ ಬೇಕಾಗಿತ್ತು. ಪೇಟೆಂಟ್ ತಗೊಂಡ, ಸ್ಪ್ಯಾಂಗ್ಲರನ್ನ ಕಂಪನಿಯೊಳಗ ಇಟಗೊಂಡ. ಹತ್ತು ದಿನಾ ಪುಕ್ಕಟೆ ಮನಿಯೊಳಗ ಇಟಗೊಂಡು ನೋಡ್ರಿ ಅಂತ ಜಾಹೀರಾತು ಕೊಟ್ಟ. ಮುಂದ ಇಂಗ್ಲೆಂಡಿನ್ಯಾಗ ಮನಿ ಗುಡಿಸೋ ಕೆಲಸಕ್ಕೇ 'ಹೂವರ್ ಮಾಡೋದು' ಅನ್ನೋ ಹಂಗಾತು. ಸ್ಪ್ಯಾಂಗ್ಲರ್ 1915ರೊಳಗ ತೀರಕೊಂಡ. ಕಸಬರಿಗಿ ಹಿಡದು ಕೆಮ್ಮಿದಾಂವ ಒಬ್ಬ, ಹೆಸರು ಬಂದದ್ದು ಇನ್ನೊಬ್ಬರಿಗೆ. ಸೂಸನ್ ಮಾತು ಕೇಳಿ ಗಂಡ ರೊಕ್ಕಾ ಹಾಕಿದ ಅನ್ನೋದು ಮಾತ್ರ ನಮ್ಮ ಮನಿಯವರಿಗೆ ಓದಿ ಹೇಳಬೇಕಂತ ಇಟಗೊಂಡೀನಿ.

ಇನ್ನ 'ಎಳಿಯೂದು' ಅನ್ನೋ ಮಾತಿಗೆ ಬರತೀನಿ. ಪಿಯುಸಿಯೊಳಗ ಓದಿದ್ದು ಇಷ್ಟು ವರ್ಷದ ಮ್ಯಾಲೆ ಉಪಯೋಗಕ್ಕ ಬಂತು. ಯಂತ್ರ ಏನೂ ಎಳಿಯೂದಿಲ್ಲ. ಅದು ತನ್ನೊಳಗಿನ ಗಾಳಿ ಹೊರಗ ಹಾಕತದ, ಹೊರಗಿನ ಗಾಳಿ ಆ ಖಾಲಿ ಜಾಗಾಕ್ಕ ನುಗ್ಗೋವಾಗ ಧೂಳು ಹೊತಗೊಂಡು ಹೋಗತದ. ನಮ್ಮ ಮ್ಯಾಲೆ ಗಾಳಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರ ಹಾಕಿಕೊಂಡೇ ಇರತದ. 1650ರ ದಶಕದೊಳಗ ಜರ್ಮನಿಯ ಮ್ಯಾಗ್ಡೆಬರ್ಗ್ ಊರಿನ ಮೇಯರ್ ಓಟ್ಟೋ ಫಾನ್ ಗೆರಿಕೆ ತಾಮ್ರದ ಎರಡು ಅರ್ಧಗೋಳ ಜೋಡಿಸಿ, ಒಳಗಿನ ಗಾಳಿ ತಗದು, ಎರಡೂ ಕಡೆ ಕುದರಿ ಕಟ್ಟಿ ಜಗ್ಗಿಸಿದ್ರೂ ಅವು ಬಿಡಲಿಲ್ಲ. ಒಳಗ ಏನೂ ಹಿಡಕೊಂಡಿರಲಿಲ್ಲ, ಹೊರಗಿನ ಗಾಳಿ ಅವಚಿ ಹಿಡದಿತ್ತು. ವೈನಿ ಕೇಳಿದ ಯಂತ್ರಾ, ಚೀಲಾ ಎರಡೂ ನಡಿಯೂದು ಈ ಒಂದೇ ಆಟದ ಮ್ಯಾಲೆ. ಅಂದಮ್ಯಾಲೆ ಒಳಗ ಬಂದ ಗಾಳಿ ಹೊರಗೂ ಹೋಗಲೇಬೇಕಲ್ಲ? ನಾ ಎಡವಿದ್ದು ಅಲ್ಲೇ.

ನಮ್ಮ ದೇಶದಾಗ ಈ ಯಂತ್ರಾ ಮನಿ ಬಾಗಲಕ್ಕ ಬಂದದ್ದು 1982ರೊಳಗ ಯುರೇಕಾ ಫೋರ್ಬ್ಸ್ ಶುರು ಆದ ಮ್ಯಾಲೆ. ಟೈ ಕಟಗೊಂಡ ಹುಡುಗರು ಮನಿ ಮನಿಗೆ ಬಂದು ತೋರಸೋ ಪದ್ಧತಿ ಅವರಿಂದ ಹಬ್ಬಿತು, ಆಮ್ಯಾಲೆ ಬ್ಯಾರೆಯವರೂ ಬಂದ್ರು. ನೆನಪದ ಅಲ್ಲ? ನಳಗಿ ಬಾಯಿಗೆ ಒಂದು ಬಿಳೀ ಅರಿವಿ ಇಟ್ಟು, ನಮ್ಮದೇ ಹಾಸಗಿ ಮ್ಯಾಲೆ ಆಡಿಸಿ, ಕರೀ ಆದ ಅರಿವಿ ಮುಂದ ಹಿಡೀತಿದ್ರು. ನಾಚಿಕಿಲೆ ನಾವು ಕಂತಿನ ಮ್ಯಾಲೆ ತಗೋತಿದ್ವಿ. ಅದು ಬೂತನ ಕರ್ಚೀಫಿನ ಆಟಾನೇ ಅಂತ ಈಗ ಗೊತ್ತಾತು.

ನಾವೂ ಒಂದು ದೊಡ್ಡದು ತಗೊಂಡ್ವಿ. ಒಂದು ದೀಪಾವಳಿಗೆ ಅವ್ವ ನಮ್ಮ ಮನಿಗೆ ಬಂದಿದ್ಲು. "ನೋಡವ್ವ, ಇನ್ನ ಧೂಳಿನ ತ್ರಾಸು ಇಲ್ಲ" ಅಂತ ಹೆಮ್ಮೀಲೆ ಅಕೀ ಖೋಲಿಯೊಳಗ ಚಾಲೂ ಮಾಡಿದೆ. ಐದು ಮಿನಿಟಿಗೆ ಅವ್ವ ಕೆಮ್ಮಲಿಕ್ಹತ್ತಿದ್ಲು. ಕೈ ಮಾಡಿ ಬಂದ್ ಮಾಡಿಸಿದ್ಲು. ಉಸಿರು ಹತ್ತಿದ ಮ್ಯಾಲೆ ಹೇಳಿದ್ಲು, "ಕಸಬರಿಗಿ ಧೂಳು ಮುಂದಿಂದ ಬರತಿತ್ತವಾ, ಇದು ಹಿಂದಿಂದ ಬರತದ." ಯಂತ್ರದ ಹಿಂದ ಕೈ ಇಟ್ಟು ನೋಡಿದೆ. ಬೆಚ್ಚನ್ನ ಗಾಳಿ, ಅದರ ತುಂಬ ಹಿಟ್ಟಿನಂಥಾ ಧೂಳು. ತಪ್ಪು ಯಂತ್ರದ್ದಲ್ಲ. ಮೂರು ವರ್ಷ ಆಗಿತ್ತು, ಒಳಗಿನ ಚೀಲಾ ನಾ ಒಂದು ಸರತಿನೂ ಬದಲಿ ಮಾಡಿರಲಿಲ್ಲ. ಹೊಸಾ ಚೀಲಕ್ಕ ರೊಕ್ಕಾ ಯಾಕ ಅಂತ ಹಳೇದನ್ನೇ ಝಾಡಿಸಿ ಹಾಕತಿದ್ದೆ. ಅದು ಅಲ್ಲಲ್ಲೆ ಸೀಳಿತ್ತು. ಆ ರಾತ್ರಿ ಅವ್ವ ಮತ್ತ ಗ್ವಾಡಿಗೆ ಕೂತು ಬೆಳಗ ಮಾಡಿದ್ಲು, ನಾ ಮಗ್ಗಲಕ್ಕ ಕೂತಿದ್ದೆ. ಮುಂದ ಆ ಯಂತ್ರ ಅಟ್ಟಾ ಏರಿತು.

ಅವ್ವಗ ಗಾದಿ ಹತ್ತಿರ ಹೋದಾಗ್ಲೇ ಯಾಕ ಭಾಳ ಆಗತಿತ್ತು ಅನ್ನೋದೂ ಮುಂದ ಓದಿ ತಿಳೀತು. 1960ರ ದಶಕದೊಳಗ ನೆದರ್‌ಲ್ಯಾಂಡ್ಸಿನ ಲೈಡನ್ ಊರಿನ ವೂರ್‌ಹೋರ್ಸ್ಟ್ ಅನ್ನೋ ಡಾಕ್ಟರು ಮತ್ತ ಅವರ ಜೋಡಿಯವರು, ಮನಿ ಧೂಳಿಂದ ಬರೋ ಅಲರ್ಜಿಗೆ ಕಣ್ಣಿಗೆ ಕಾಣದಂಥಾ ಧೂಳಿನ ನುಸಿ ಕಾರಣ ಅಂತ ತೋರಿಸಿದ್ರು. ನಮ್ಮ ಮೈಯಿಂದ ಉದುರೋ ಚರ್ಮದ ಪುಡಿ ತಿಂದು ಗಾದಿ, ದಿಂಬಿನ್ಯಾಗ ಇರತಾವ. ತ್ರಾಸು ಕೊಡೋದು ಭಾಳಷ್ಟು ಅವುಗಳ ಹಿಕ್ಕಿ. ಅಂಥಾ ಸಣ್ಣ ಪುಡಿ ತಡೀಬೇಕಂದ್ರ ಗವಸಣಿಗಿ ಸಾಲಂಗಿಲ್ಲ. ಎರಡನೇ ಮಹಾಯುದ್ಧದಾಗ ಅಮೆರಿಕಾದವರು ಅಣುಬಾಂಬಿನ ಕೆಲಸಾ ಮಾಡೋವಾಗ ವಿಕಿರಣದ ಧೂಳು ತಡೀಲಿಕ್ಕೆ ಬೆಳಸಿದ ಫಿಲ್ಟರೇ ಈಗ ಹೆಪಾ ಅಂತ ಮನಿಗೆ ಬಂದದ. ಖರೇ ಹೆಪಾ ಇದ್ರ 0.3 ಮೈಕ್ರಾನ್ ಕಣದೊಳಗ 99.97 ಪಾಲು ತಡೀಬೇಕು. ಅದು ಕೂದಲದ ದಪ್ಪದಾಗ ಇನ್ನೂರನೇ ಪಾಲು. ಎಂಥಾ ಕೆಟ್ಟ ಕೆಲಸದಾಗಿಂದ ಎಂಥಾ ಛಲೋ ಸಾಮಾನು ಬಂತು ನೋಡ್ರಿ.

ಕೈಯಾಗಿನ ಸಣ್ಣ ಯಂತ್ರದ ಕಥಿ ಚಂದ್ರನ ಮ್ಯಾಲೂ ಹೋಗಿ ಬರತದ. ಬ್ಲ್ಯಾಕ್ ಆಂಡ್ ಡೆಕರ್ ಅನ್ನೋ ಕಂಪನಿ 1961ರೊಳಗ ವೈರ್ ಇಲ್ಲದ, ಬ್ಯಾಟರಿ ಮ್ಯಾಲೆ ನಡಿಯೋ ಡ್ರಿಲ್ಲು ಮಾಡಿತ್ತು. ಚಂದ್ರನ ನೆಲಾ ಕೊರೀಲಿಕ್ಕೆ ಬ್ಯಾಟರಿ ಡ್ರಿಲ್ಲು ಬೇಕಾದಾಗ ಆ ಕೆಲಸದಾಗ ಅದೂ ಕೈ ಹಚ್ಚಿತು, 1971ರ ಅಪೋಲೋ 15ರೊಳಗ ಅದನ್ನ ಉಪಯೋಗಿಸಿದ್ರು. ಕಡಿಮಿ ಬ್ಯಾಟರಿಯೊಳಗ ಹೆಚ್ಚು ಕೆಲಸ ತಗಿಯೋ ಆ ಅನುಭವ ಇಟಗೊಂಡು 1979ರೊಳಗ 'ಡಸ್ಟ್‌ಬಸ್ಟರ್' ಅನ್ನೋ ಕೈಯಂತ್ರ ತಂದ್ರು. ಗ್ವಾಡಿಗೆ ನೇತಹಾಕಿ ಚಾರ್ಜ್ ಮಾಡೋದು, ಬೇಕಂದಾಗ ತಗದು ಚೆಲ್ಲಿದ್ದನ್ನ ಎಳಕೊಳ್ಳೋದು. ಚಂದ್ರನ ಧೂಳಂದ್ರ ಇನ್ನೊಂದು ನೆನಪಾತು. 1972ರೊಳಗ ಹೋದ ಹ್ಯಾರಿಸನ್ ಸ್ಮಿಟ್ ಅನ್ನಾಂವಗ ಬಟ್ಟಿಗೆ ಹತ್ತಿ ಬಂದ ಚಂದ್ರನ ಧೂಳಿಂದ ಮೂಗು ಕಟ್ಟಿ ಸೀನು ಹತ್ತಿದ್ವು. ಧೂಳು ಎಲ್ಲಿ ಹೋದ್ರೂ ಧೂಳೇ.

ಇನ್ನ ವೈನಿ, ನಿಮ್ಮ ಪ್ರಶ್ನೆಕ್ಕ ಬರತೀನಿ. ಮೊದಲು ಫಿಲ್ಟರ್ ತಗದು ನೋಡ್ರಿ. 'ಹೆಪಾ ಥರಾ' ಅಂತ ಬರದಿದ್ರ ಅದು ಹೆಪಾ ಅಲ್ಲ. ಫಿಲ್ಟರ್ ಒಂದೇ ಬ್ಯಾರೆ ಸಿಗತದೋ ಇಲ್ಲೋ, ಎಷ್ಟು ರೊಕ್ಕಾ, ಇದನ್ನ ಯಂತ್ರಾ ತಗೊಳ್ಳೂಕಿಂತ ಮೊದಲ ಕೇಳ್ರಿ. ತೊಳಿಯೋ ಹಂಗಿದ್ರ ತೊಳದು ಇಡೀ ದಿನಾ ಒಣಗಸರಿ, ಹಸೀದು ಹಾಕಿದ್ರ ನಾಳಿಗೆ ನಾರತದ. ಧೂಳಿನ ಡಬ್ಬಿ ಒಂದೇ ಕೈಲೆ ಕಸದ ಬುಟ್ಟಿಯೊಳಗ ಬಗ್ಗಿಸಿ ಖಾಲಿ ಮಾಡಲಿಕ್ಕೆ ಬರಬೇಕು. ಬಡದು, ಕೊಡವಿ ತಗೀಬೇಕಂದ್ರ ಹಿಡದ ಧೂಳು ಮತ್ತ ನಿಮ್ಮ ಮೂಗಿಗೇ ಬಂತು. ವ್ಯಾಟಿನ ಲೆಕ್ಕ ಅಂದ್ರ ಅದು ಎಷ್ಟು ಕರೆಂಟು ತಿಂತದ ಅನ್ನೋದು, ಎಷ್ಟು ಎಳೀತದ ಅನ್ನೋದಲ್ಲ, ಅದಕ್ಕ ಮರುಳಾಗಬ್ಯಾಡ್ರಿ. ಬ್ಯಾಟರಿದು ಭಾಳ ಅಂದ್ರ ಹದಿನೈದಿಪ್ಪತ್ತು ಮಿನಿಟು. ಸೋಫಾ ಸಂಧಿ, ಕಾರು, ಕಿಡಕಿ ಪಟ್ಟಿಗೆ ಸಾಕು. ಎರಡು ಖೋಲಿ ಗಾದಿ ಮಾಡಬೇಕಂದ್ರ ವೈರಿಂದೇ ಛಲೋ. ನಿಮ್ಮ ಮನಿಯೊಳಗ ಕಾಕಾಗ ಉಬ್ಬಸ ಅದ, ನೀವು ವೈರಿಂದು ತಗೋರಿ, ಚಾಲೂ ಮಾಡೋವಾಗ ಅವರನ್ನ ಕಟ್ಟಿ ಮ್ಯಾಲೆ ಕೂಡಸರಿ. ರಂಗೋಲಿ ಪುಡಿ, ಉದಿನಕಡ್ಡಿ ಬೂದಿ, ಹಿಟ್ಟು ಇವನ್ನ ಎಳದ್ರ ಫಿಲ್ಟರ್ ಕಟಗೋತದ, ಅವಕ್ಕ ಹಸೀ ಅರಿವಿನೇ ಸಾಕು.

ಚೀಲದ ಮಾತು ಇನ್ನೂ ಅದ. ಅರಳಿ ಒತ್ತಿ ಸಣ್ಣದು ಮಾಡೋದು ನಮ್ಮ ಧಾರವಾಡ, ಗದಗಿನ ಕಡೆಯವರಿಗೆ ಹೊಸಾದಲ್ಲ. ಅಂಡಿಗಿಯೊಳಗ ಇಳದು ಹತ್ತಿ ತುಳಿಯೋರು, ಪ್ರೆಸ್ಸಿಗೆ ಹೋದ್ರ ಒಂದು ಬೇಲಿಗೆ 170 ಕಿಲೋ ಒತ್ತಿ ಪಟ್ಟಿ ಬಿಗಿಯೋರು. ಚೀಲದೊಳಗ ಆ ಒತ್ತೋ ಕೆಲಸ ಗೆರಿಕೆಯ ಗಾಳಿ ಮಾಡತದ. 60 ಸೆಂಟಿಮೀಟರಿಗೆ 80 ಸೆಂಟಿಮೀಟರಿನ ಚೀಲಾ ಅಂದ್ರ 4,800 ಚದರ ಸೆಂಟಿಮೀಟರ್. ಮನಿ ಯಂತ್ರ ಐದರಾಗ ಒಂದು ಪಾಲು ಗಾಳಿ ತಗದ್ರೂ ಹತ್ತಿರ ಹತ್ತಿರ ಸಾವಿರ ಕಿಲೋ ಭಾರ ಬೀಳತದ, ಒಂದು ಚಕ್ಕಡಿ ಹೇರು. ಇದು ಆಗಬೇಕಂದ್ರ ಗಾಳಿ ನುಸುಳದ ಹಾಳಿ ಬೇಕು. ಪಾಲಿಥೀನ್ 1933ರೊಳಗ ಇಂಗ್ಲೆಂಡಿನ ಒಂದು ಪ್ರಯೋಗಶಾಲೆಯೊಳಗ ಅಕಸ್ಮಾತ್ ಆದದ್ದು, ನೈಲಾನ್ 1935ರೊಳಗ ಅಮೆರಿಕಾದಾಗ ಆದದ್ದು. ಪಾಲಿಥೀನ್ ನೀರು ತಡೀತದ, ಆದ್ರ ಗಾಳಿ ಮೆಲ್ಲಕ ಬಿಡತದ. ನೈಲಾನ್ ಗಾಳಿ ತಡೀತದ. ಛಲೋ ಚೀಲದಾಗ ಎರಡೂ ಒಂದಕ್ಕೊಂದು ಅಂಟಿಸಿರತಾರ. ಬರೇ ಪಾಲಿಥೀನಿಂದು ತಿಂಗಳೊಪ್ಪತ್ತಿನ್ಯಾಗ ಉಬ್ಬತದ.

ನಾ ಹೋದ ವರ್ಷ ಮಳಿಗಾಲದಾಗ ಅವ್ವನ ಕೌದಿ ಇಂಥಾ ಚೀಲದಾಗ ಹಾಕಿದೆ. ಅವ್ವ ಕಡೀಕ ಹೊಲದ ಕೌದಿ ಅದು, ಅಕೀ ಹಳೇ ಇಳಕಲ್ ಸೀರಿ ಐದು ಪದರು ಹಾಕಿ, ಕನ್ನಡಕ ಮೂಗಿನ ತುದಿಗೆ ಇಟಗೊಂಡು ಹೊಲದದ್ದು. ಅಕಿ ಹೋದ ಮ್ಯಾಲೆ ಟ್ರಂಕಿನ್ಯಾಗ ಬೇವಿನೆಲಿ ಹಾಕಿ ಇಟ್ಟಿದ್ದೆ. ಧೂಳು ಹತ್ತಬಾರದು, ನುಸಿ ಬೀಳಬಾರದು ಅಂತ ಪ್ರೀತಿಲೆ ಚೀಲಕ್ಕ ಹಾಕಿ, ಯಂತ್ರಾ ಹಚ್ಚಿ, ಹಪ್ಪಳ ಆಗೋತನಕ ಗಾಳಿ ತಗದೆ. ಮುಟ್ಟಿದ್ರ ಒಣಗಿದಂಗೇ ಇತ್ತು. ಆದ್ರ ಚೀಲಾ ಗಾಳಿ ತಗೀತದ, ನೀರು ತಗಿಯೂದಿಲ್ಲ. ಒಣಾ ಹತ್ತಿಯೊಳಗೂ ನೂರಕ್ಕ ಏಳೆಂಟು ಪಾಲು ನೀರು ಇರತದ, ಮಳಿಗಾಲದಾಗ ಇನ್ನೂ ಹೆಚ್ಚು. ಸಂಕ್ರಮಣಕ್ಕ ತಗದಾಗ ಮುಗ್ಗಲು ವಾಸನಿ, ಅಲ್ಲಲ್ಲೆ ಕರೀ ಕರೀ ಬೂಸರು. ನಾಕು ದಿನಾ ಬಿಸಲಿಗೆ ಹಾಕಿ, ಒಗದು, ಮತ್ತ ಬಿಸಲಿಗೆ ಹಾಕಿದೆ. ಎಲ್ಲಾ ಹೋದ್ವು, ಹಸರು ಸೆರಗಿನ ತುಂಡಿನ ಮ್ಯಾಲಿಂದು ಒಂದು ಉಳೀತು. ಆ ಸೀರಿ ಅಕಿ ನನ್ನ ಮದವಿಯೊಳಗ ಉಟ್ಟದ್ದು.

ಅದಕ್ಕ ಚೀಲಾ ತಗೋರಿ, ಬ್ಯಾಡ ಅನ್ನಂಗಿಲ್ಲ. ಮಗ-ಸೊಸಿ ಬಂದಾಗಷ್ಟೇ ಬೇಕಾಗೋ ಹೆಚ್ಚಿನ ರಗ್ಗು, ಹಾಸಗಿ ಚಾದರ, ಒಗದ ಸ್ವೆಟರ್ ಇವಕ್ಕ ಭಾಳ ಅನುಕೂಲ. ಕಪಾಟಿನ್ಯಾಗ ಅರ್ಧಾ ಜಾಗಾ ಉಳೀತದ. ಬ್ಯಾಸಿಗಿಯೊಳಗ ಎರಡು ದಿನಾ ಬಿಸಲು ಉಂಡ ಬಟ್ಟಿ ಮಾತ್ರ ಹಾಕ್ರಿ, ಆರಿದ ಮ್ಯಾಲೆ ಹಾಕ್ರಿ, ಮಳಿಗಾಲದಾಗ ಚೀಲಾ ಮುಟ್ಟಬ್ಯಾಡ್ರಿ. ಮುಕ್ಕಾಲು ತುಂಬೂಕಿಂತ ಹೆಚ್ಚು ತುಂಬಬ್ಯಾಡ್ರಿ, ಬಾಯಿಪಟ್ಟಿಯೊಳಗ ಒಂದು ಎಳಿ ಸಿಕ್ರೂ ಗಾಳಿ ಹೋಗತದ. ರೇಷ್ಮಿ, ಜರದ ಸೀರಿ ಬ್ಯಾಡ, ಮಡಿಕಿ ಮುರದು ಜರ ಸೀಳತದ. ಅವಕ್ಕ ಹಳೇ ಧೋತರದ ತುಂಡೇ ಛಲೋ. ಪುಕ್ಕದ ದಿಂಬು ಭಾಳ ದಿನಾ ಒತ್ತಿಟ್ರ ಮತ್ತ ಏಳಂಗಿಲ್ಲ. ಇನ್ನೊಂದು ಮಾತು, ಸಣ್ಣ ಕೈಯಂತ್ರದ ಬಾಯಿ ಚೀಲದ ತೂತಿಗೆ ಭಾಳ ಸಲ ಕೂಡಂಗಿಲ್ಲ. ಎರಡೂ ಕೂಡೇ ತಗೊಳ್ಳೋದಿದ್ರ ಅಂಗಡಿಯೊಳಗೇ ಹಚ್ಚಿ ನೋಡ್ರಿ, ಇಲ್ಲಾಂದ್ರ ಕೈಪಂಪು ಇದ್ದ ಚೀಲಾ ತಗೋರಿ. ಮೊಮ್ಮಗನ ಕೈಗೆ ಮಾತ್ರ ಖಾಲಿ ಚೀಲಾ ಸಿಗೋ ಹಂಗ ಇಡಬ್ಯಾಡ್ರಿ.

ಕೌದಿ ಈಗ ನನ್ನ ಹಾಸಗಿ ಮ್ಯಾಲೇ ಅದ, ದಿನಾ ಹೊದೀತೀನಿ. ವೈನಿ, ಬರೋ ಆದಿತ್ಯವಾರ ಮುಂಜಾನೆ ಬರ್ರಿ. ನಮ್ಮ ಯಂತ್ರಾ ಒಯ್ದು ಮೊದಲ ನಿಮ್ಮ ಗಾದಿ ಮ್ಯಾಲೆ ಆಡಿಸಿ ನೋಡ್ರಿ. ಬರೋವಾಗ ಒಂದು ಬಿಳೀ ಕರ್ಚೀಫು ತರ್ರಿ, ಅದನ್ನ ನಳಗಿ ಬಾಯಿಗೆ ಇಡಲಿಕ್ಕಲ್ಲ, ಯಂತ್ರದ ಹಿಂದ ಹಿಡೀಲಿಕ್ಕೆ.